ಯಾವ ಬೆರಳಮ್ಮ?

ಅಮ್ಮ ಅರಸೀಕೆರೆಯಿಂದ ಬಂದರೆ ಅವಳ ಆರು ತಿಂಗಳನ್ನು ಅಕ್ಕ ಮತ್ತು ನಾನು ಪಾಲು ಮಾಡಿಕೊಳ್ಳುತ್ತೇವೆ. ಮೂರು ತಿಂಗಳು ಶಿಕಾಗೊ ಪಕ್ಕದ ನೇಪರ್‌ವಿಲ್‌ನಲ್ಲಿ ಅಕ್ಕನ ಮನೆ, ಇನ್ನು ಮೂರು ತಿಂಗಳು ಡೆಟ್ರಾಯ್ಟ್ ಪಕ್ಕದ ನಮ್ಮೂರು. ನಮ್ಮೂರಿನ ಹೆಸರು ನೋವೈ. ಫಲಕದ ಮೇಲಿನ ಇಂಗ್ಲಿಷ್ ಅಕ್ಷರ ನೋಡಿದವರು ‘ನೋವಿ’ ಎಂದೇ ಓದಬೇಕು. ಹೊಸದಾಗಿ ಬಂದ ಕನ್ನಡಿಗರೆಲ್ಲ ಹಾಗೇ ಓದಿ, ಊರಿನ ಹೆಸರಲ್ಲೇ ನೋವಿದೆಯಲ್ಲ ಎಂದು ಒಮ್ಮೆಯಾದರೂ ನಗುತ್ತಾರೆ.

ಕಳೆದ ಸಲ ಅಮ್ಮ ಅಕ್ಕನ ಮನೆಯಲ್ಲಿದ್ದಾಗ, ರಾತ್ರಿ ಎರಡೂವರೆಗೆ ಎದ್ದು ಕೂತು ಎಡಗೈ ಕೊಡವುತ್ತಿದ್ದಳಂತೆ. ಪಾತ್ರೆ ತೊಳೆದು ಕೈಗೆ ಹತ್ತಿದ ನೀರು ಕೊಡವುತ್ತಾರಲ್ಲ, ಹಾಗೆ. “ಕೈಯೇ ಸತ್ತೋಗಿದೆ ಕಣೇ, ಜೋಮು” ಎಂದಳು. ಅಕ್ಕ ಬೆದರಿ ಕಾರು ತೆಗೆದಳು. ಎಮರ್ಜೆನ್ಸಿಯ ಬಾಗಿಲಲ್ಲಿ ನರ್ಸ್ ಕೇಳಿದ್ದಕ್ಕೆ ಅವಳ ಬಾಯಿಂದ ಬಂದದ್ದು ಮೂರೇ ಮಾತು: “ಲೆಫ್ಟ್ ಆರ್ಮ್ ನಂಬ್.” ವಯಸ್ಸು ಎಪ್ಪತ್ತು, ಎಡತೋಳು, ನಡುರಾತ್ರಿ. ಇಷ್ಟು ಕೇಳಿದ ಮೇಲೆ ಯಾವ ಆಸ್ಪತ್ರೆ ತಾನೇ ಸುಮ್ಮನಿರುತ್ತದೆ? ಇಸಿಜಿ ಆಯಿತು, ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಿದೆಯೇ ಎಂದು ತಿಳಿಸುವ ಟ್ರೊಪೊನಿನ್ ರಕ್ತಪರೀಕ್ಷೆ ಎರಡು ಸಲ ಆಯಿತು, ಎದೆಯ ಎಕ್ಸ್‌ರೇ ಆಯಿತು. ಮರುದಿನ ಮಧ್ಯಾಹ್ನ ಹೃದಯ ಗಟ್ಟಿಯಾಗಿದೆ ಎಂದು ಕಳಿಸಿಕೊಟ್ಟರು. ಬಿಲ್ಲು ಬಂದ ದಿನ ಅಕ್ಕ ಫೋನು ಮಾಡಿ ಏನೂ ಮಾತಾಡದೆ ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಆಸ್ಪತ್ರೆಯವರ ಮೇಲೆ ನನಗೆ ದೂರಿಲ್ಲ. ಎಡವಟ್ಟಾದದ್ದು ‘ಕೈ’ ಎಂಬ ಪದದಲ್ಲಿ. ಭುಜದಿಂದ ಬೆರಳ ತುದಿಯವರೆಗೆ ಇರುವುದೆಲ್ಲ ನಮಗೆ ಕೈಯೇ. ರಟ್ಟೆ, ತೋಳು, ಮೊಣಕೈ, ಮುಂಗೈ, ಮಣಿಕಟ್ಟು, ಅಂಗೈ ಎಂದು ತುಂಡು ತುಂಡಿಗೂ ಪದಗಳಿವೆ, ಆದರೆ ನಡುರಾತ್ರಿ ಯಾರು ಅವನ್ನು ಹುಡುಕುತ್ತಾರೆ? ಇಂಗ್ಲಿಷಿನವರಿಗೆ ‘ಹ್ಯಾಂಡ್’ ಬೇರೆ, ‘ಆರ್ಮ್’ ಬೇರೆ. ಅಮ್ಮನ ಕೈ ಆಸ್ಪತ್ರೆಯ ಬಾಗಿಲು ದಾಟುವಾಗ ತೋಳಾಗಿಬಿಟ್ಟಿತು. ‘ಜೋಮು’ ಕೂಡ ಇಂಥದ್ದೇ ಇಡಿಗಂಟು. ಸ್ಪರ್ಶವೇ ತಿಳಿಯದ ಮರಗಟ್ಟುವಿಕೆಯೂ ಜೋಮೇ, ಇರುವೆ ಹರಿದಂಥ ಜುಮುಜುಮು ಕೂಡ ಜೋಮೇ.

ಆಮೇಲೆ ಅಮ್ಮ ನೋವೈಗೆ ಬಂದಾಗ ನಮ್ಮ ವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ಆಕೆ ನನ್ನ ಅನುವಾದವನ್ನು ಅರ್ಧಕ್ಕೇ ನಿಲ್ಲಿಸಿ, ಎರಡು ಕೈಗಳ ಚಿತ್ರವಿದ್ದ ಹಾಳೆಯನ್ನೂ ಪೆನ್ನನ್ನೂ ಅಮ್ಮನ ಮುಂದಿಟ್ಟರು. ಎಲ್ಲೆಲ್ಲಿ ಜೋಮೋ ಅಲ್ಲಿ ಗೀಚಿ ಎಂದರು. ಅಮ್ಮ ರಂಗೋಲಿಗೆ ಬಣ್ಣ ತುಂಬುವಷ್ಟು ಶ್ರದ್ಧೆಯಿಂದ ತುಂಬಿದಳು: ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ. ಕಿರುಬೆರಳು ಖಾಲಿ, ಅಂಗೈ ಬಹುಪಾಲು ಖಾಲಿ. ಹೃದಯದ ಸುದ್ದಿಯೇ ಅಲ್ಲಿರಲಿಲ್ಲ.

ಕೈಯ ಬೆರಳುಗಳನ್ನು ನರಗಳು ಹಂಚಿಕೊಂಡಿರುವ ರೀತಿ ಭೂಪಟದ ಹಾಗೆ. ಮೀಡಿಯನ್ ನರಕ್ಕೆ ಹೆಬ್ಬೆರಳಿನಿಂದ ಮೂರೂವರೆ ಬೆರಳು, ಅಲ್ನಾರ್ ನರಕ್ಕೆ ಕಿರುಬೆರಳಿನ ಕಡೆಯ ಒಂದೂವರೆ. ಉಂಗುರಬೆರಳು ನಮ್ಮ ಬೆಳಗಾವಿ ಸೀಮೆಯಂತೆ ಗಡಿಯ ಮೇಲಿದೆ. ಪುಣ್ಯಕ್ಕೆ ಇಲ್ಲಿ ಮಹಾಜನ ವರದಿ ಜಾರಿಯಾಗಿಬಿಟ್ಟಿದೆ: ಹೆಚ್ಚಿನವರಲ್ಲಿ ನಡುಬೆರಳಿಗೆ ತಾಗುವ ಪಕ್ಕ ಒಂದು ನರದ್ದು, ಕಿರುಬೆರಳಿಗೆ ತಾಗುವ ಪಕ್ಕ ಇನ್ನೊಂದರದ್ದು. ಹಾಗಾಗಿ ಉಂಗುರಬೆರಳನ್ನು ಉದ್ದಕ್ಕೆ ಸೀಳಿದಂತೆ ಅರ್ಧಕ್ಕೆ ಮಾತ್ರ ಜೋಮು ಹಿಡಿದರೆ ತೊಂದರೆ ಕುತ್ತಿಗೆಯಲ್ಲಲ್ಲ, ಕೆಳಗೆಲ್ಲೋ ಇದೆ ಎಂಬುದಕ್ಕೆ ಅದೊಂದು ಒಳ್ಳೆಯ ಸಾಕ್ಷಿ.

ಅಮ್ಮನದು ಮಣಿಕಟ್ಟಿನಲ್ಲಿ. ಡೆಟ್ರಾಯ್ಟ್‌ನವರಿಗೆ ಇದನ್ನು ತಿಳಿಸುವುದು ಸುಲಭ. ನಮ್ಮಲ್ಲಿ ನದಿಯ ಆಚೆ ಕೆನಡಾದ ವಿಂಡ್ಸರ್ ಊರಿಗೆ ಹೋಗಲು ಎರಡು ಹಳೆಯ ದಾರಿಗಳಿವೆ: 1929ರ ಅಂಬಾಸಡರ್ ಸೇತುವೆ, 1930ರಲ್ಲಿ ತೆರೆದ, ನದಿಯ ತಳದಲ್ಲಿ ಸಾಗುವ ಸುರಂಗ. ಮಣಿಕಟ್ಟಿನಲ್ಲೂ ಹೀಗೊಂದು ಸುರಂಗವಿದೆ, ಕಾರ್ಪಲ್ ಟನಲ್. ತಳಕ್ಕೆ ಮತ್ತು ಅಕ್ಕಪಕ್ಕಕ್ಕೆ ಮೂಳೆಗಳು, ಮೇಲೆ ಗಟ್ಟಿಯಾದ ಅಡ್ಡಪಟ್ಟಿ. ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳು, ಅಂದರೆ ಒಂಬತ್ತು ಲಾರಿಗಳು, ಇದರೊಳಗೆ ಓಡಾಡುತ್ತವೆ. ಅವುಗಳ ನಡುವೆ ಒಂದು ಸೈಕಲ್ಲು, ಅದೇ ಮೀಡಿಯನ್ ನರ. ಲಾರಿಗಳು ಕೊಂಚ ಊದಿಕೊಂಡರೂ ಗೋಡೆಗೆ ಒತ್ತಿ ನಜ್ಜಾಗುವುದು ಸೈಕಲ್ಲೇ. ಅಂಗೈಯ ಚರ್ಮಕ್ಕೆ ಹೋಗುವ ಒಂದು ಕವಲು ಮಾತ್ರ ಸುರಂಗಕ್ಕೆ ಮೊದಲೇ ಬೇರೆಯಾಗಿ ಸೇತುವೆಯ ಮೇಲಿಂದ ದಾಟಿಕೊಳ್ಳುತ್ತದೆ. ಅಮ್ಮನ ಚಿತ್ರದಲ್ಲಿ ಅಂಗೈ ಖಾಲಿ ಉಳಿದದ್ದು ಅದಕ್ಕೇ.

ಸರಿ, ಆದರೆ ರಾತ್ರಿಯೇ ಏಕೆ? 1981ರಲ್ಲಿ ರಿಚರ್ಡ್ ಗೆಲ್ಬರ್ಮನ್ ಮತ್ತು ಜೊತೆಗಾರರು ಈ ಸುರಂಗದೊಳಕ್ಕೆ ಸಣ್ಣ ನಳಿಕೆ ತೂರಿಸಿ ಒತ್ತಡ ಅಳೆದರು. ಕೈ ನೆಟ್ಟಗಿದ್ದಾಗ ಆರೋಗ್ಯವಂತರಲ್ಲಿ ಸರಾಸರಿ 2.5 ಮಿಲಿಮೀಟರ್ ಪಾದರಸದಷ್ಟು ಒತ್ತಡ, ರೋಗಿಗಳಲ್ಲಿ 32. ರೋಗಿಗಳು ಮಣಿಕಟ್ಟನ್ನು ಒಳಕ್ಕೆ ಮಡಚಿದರೆ 94, ಹಿಂದಕ್ಕೆ ಬಾಗಿಸಿದರೆ 110. ಬಿ.ಪಿ. ಅಳೆಯುವಾಗ ತೋಳಿಗೆ ಸುತ್ತಿದ ಪಟ್ಟಿ ಬಿಗಿಯುತ್ತದಲ್ಲ, ಆ ಲೆಕ್ಕದ ಬಿಗಿತ ಇದು. ಹಗಲು ಹೊತ್ತು ಕೈ ಒಂದೇ ಭಂಗಿಯಲ್ಲಿ ಇರುವುದಿಲ್ಲ. ನಿದ್ದೆಯಲ್ಲಿ ನಾವೆಲ್ಲ ಮುಷ್ಟಿಯನ್ನು ಗಲ್ಲದ ಕೆಳಗೆ ಮಡಚಿಟ್ಟುಕೊಂಡು ಮಗುವಾಗಿಬಿಡುತ್ತೇವೆ. ಹಗಲಲ್ಲಿ ಕಾಲಿಗೆ ಇಳಿದ ನೀರಿನಂಶವೂ ಮಲಗಿದ ಮೇಲೆ ಮೈಗೆಲ್ಲ ಹರಡಿಕೊಳ್ಳುತ್ತದೆ. ಕೊಡವಿದರೆ ಮಣಿಕಟ್ಟು ಭಂಗಿ ಬದಲಿಸುತ್ತದೆ, ನರ ಉಸಿರಾಡುತ್ತದೆ.

ಈ ಕೊಡವುವಿಕೆಗೇ ಒಂದು ಚರಿತ್ರೆಯಿದೆ. 1880ರಲ್ಲಿ ಬಾಸ್ಟನ್‌ನ ನರವೈದ್ಯ ಜೇಮ್ಸ್ ಜಾಕ್ಸನ್ ಪಟ್ನಮ್, ರಾತ್ರಿ ಕೈ ಜೋಮು ಹಿಡಿದು ಏಳುವ 37 ಜನರ ಬಗ್ಗೆ ಬರೆದರು. ಅವರಲ್ಲೂ ಕೆಲವರು ಕೈಯನ್ನು ಮಂಚದಿಂದ ಕೆಳಕ್ಕೆ ಇಳಿಬಿಡುತ್ತಿದ್ದರು, ಕೆಲವರು ಕೊಡವುತ್ತಿದ್ದರು, ಕೆಲವರು ತಿಕ್ಕುತ್ತಿದ್ದರು. ಎಲ್ಲವನ್ನೂ ಇಷ್ಟು ಸರಿಯಾಗಿ ಕಂಡ ಪಟ್ನಮ್ ಕಾರಣಕ್ಕೆ ಬಂದಾಗ ಎಡವಿದರು. ರಕ್ತನಾಳಗಳ ದೋಷವಿರಬಹುದು ಎಂದರು. “ರಕ್ತ ಓಡಾಡ್ತಿಲ್ಲ, ಎಣ್ಣೆ ತಿಕ್ಕು” ಎನ್ನುತ್ತಿದ್ದ ನಮ್ಮಜ್ಜಿಗೂ ಅವರಿಗೂ ಇಲ್ಲಿ ಭಿನ್ನಾಭಿಪ್ರಾಯವೇ ಇಲ್ಲ. 1913ರಲ್ಲಿ ಪ್ಯಾರಿಸ್‌ನ ಪಿಯೆರ್ ಮರೀ ಮತ್ತು ಷಾರ್ಲ್ ಫ್ವಾ ಮೃತದೇಹವೊಂದರ ಮಣಿಕಟ್ಟು ಬಿಡಿಸಿ, ಅಡ್ಡಪಟ್ಟಿಯ ಬಳಿ ನರ ಊದಿ ಮುಂದೆ ಸೊರಗಿದ್ದನ್ನು ನೋಡಿ, ಪಟ್ಟಿಯನ್ನು ಮೊದಲೇ ಕತ್ತರಿಸಿದ್ದರೆ ಆಗುತ್ತಿತ್ತೇನೋ ಎಂದು ಬರೆದಿಟ್ಟರು. ಹೆಚ್ಚಿನವರ ಕಿವಿಗೆ ಬೀಳಲಿಲ್ಲ. ಆಮೇಲೂ ದಶಕಗಟ್ಟಲೆ ವೈದ್ಯರು ದೋಷವನ್ನು ಕುತ್ತಿಗೆಯ ಬುಡದ ಪಕ್ಕೆಲುಬಿನ ಮೇಲೆ ಹೊರಿಸಿ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. 1950ರಿಂದ ಮುಂದೆ ಕ್ಲೀವ್‌ಲ್ಯಾಂಡ್‌ನ ಜಾರ್ಜ್ ಫೇಲನ್ ಪಟ್ಟುಹಿಡಿದು ಬರೆದ ಮೇಲೆಯೇ ಎಲ್ಲರ ಕಣ್ಣು ಮಣಿಕಟ್ಟಿಗೆ ಇಳಿದದ್ದು. ಎರಡೂ ಹಸ್ತಗಳ ಹಿಂಬದಿಗಳನ್ನು ಒತ್ತಿ, ಮಣಿಕಟ್ಟು ಮಡಚಿ, ಒಂದು ನಿಮಿಷ ಹಿಡಿಯುವ ಪರೀಕ್ಷೆ ಅವರ ಹೆಸರಿನದೇ. ಇನ್ನು, ಕೆನಡಾದ ಪ್ರೈಸ್-ಫಿಲಿಪ್ಸ್ ಎಂಬ ನರವೈದ್ಯರು 1984ರಲ್ಲಿ ರೋಗಿಗಳಿಗೆ “ಜೋಮು ಜೋರಾದಾಗ ಕೈಯನ್ನು ಏನು ಮಾಡುತ್ತೀರಿ?” ಎಂದಷ್ಟೇ ಕೇಳಿದರು. ನರ ಮಣಿಕಟ್ಟಿನಲ್ಲಿ ಒತ್ತಿಕೊಂಡವರಲ್ಲಿ ನೂರಕ್ಕೆ 93 ಮಂದಿ ಕೊಡವಿ ತೋರಿಸಿದರಂತೆ. ಮುಂದಿನ ಅಧ್ಯಯನಗಳಲ್ಲಿ ಅಷ್ಟು ಖಚಿತ ಫಲ ಸಿಗಲಿಲ್ಲ. ಆದರೂ ಅಮ್ಮ ಆ ರಾತ್ರಿ ಅಕ್ಕನ ಮುಂದೆ ತನ್ನ ಕಾಯಿಲೆಯ ಹೆಸರನ್ನು ಕೈಸನ್ನೆಯಲ್ಲೇ ಹೇಳಿದ್ದಳು.

ಹಾಗಾದರೆ ರಕ್ತ ಓಡಾಡದೆ ಜೋಮು ಹಿಡಿಯುವುದೇ ಇಲ್ಲವೇ? ಉಂಟು. ಅದನ್ನು ಹುಡುಕಿಕೊಂಡು ಹೋದವರು ನಮ್ಮ ಎರಡೂ ಊರುಗಳಿಗೆ ಸೇರಿದವರು. ಆಲಿಸ್ ಹ್ಯಾಮಿಲ್ಟನ್ 1893ರಲ್ಲಿ ವೈದ್ಯ ಪದವಿ ಪಡೆದದ್ದು ಡೆಟ್ರಾಯ್ಟ್‌ನಿಂದ ಮುಕ್ಕಾಲು ಗಂಟೆ ದೂರದ ಆನ್ ಆರ್ಬರ್‌ನಲ್ಲಿ. 1897ರಿಂದ ಇದ್ದದ್ದು ಶಿಕಾಗೊದ ಹಾಲ್ಸ್ಟೆಡ್ ರಸ್ತೆಯಲ್ಲಿ, ವಲಸಿಗ ಬಡವರ ನಡುವೆ ಜೇನ್ ಆಡಮ್ಸ್ ನಡೆಸುತ್ತಿದ್ದ ಹಲ್ ಹೌಸ್‌ನಲ್ಲಿ. 1918ರ ಚಳಿಗಾಲದಲ್ಲಿ ಆಕೆ ಇಂಡಿಯಾನಾದ ಬೆಡ್‌ಫರ್ಡ್ ಎಂಬ ಸುಣ್ಣಕಲ್ಲಿನ ಊರಿಗೆ ಹೋಗಿ ಕಲ್ಲುಕುಟಿಗರ ಕೈ ನೋಡಿದರು. ಗಾಳಿಯ ಒತ್ತಡದಿಂದ ಗಡಗಡ ನಡುಗುವ ಸುತ್ತಿಗೆ ಹಿಡಿದು ದುಡಿಯುವವರು ಅವರು. ಚಳಿಯ ಬೆಳಗಿನಲ್ಲಿ ಅವರ ಬೆರಳುಗಳು ಸುಣ್ಣ ಬಳಿದಂತೆ ಬಿಳಿಚಿಕೊಂಡು ಮರಗಟ್ಟುತ್ತಿದ್ದವು. ಬಿಳುಪು ಎಲ್ಲಿಗೆ ನಿಂತಿದೆ ಎಂದು ಗೆರೆ ಹಾಕಿ ತೋರಿಸಬಹುದಿತ್ತು. ಕಾರ್ಮಿಕರೇ ಅವನ್ನು ಸತ್ತ ಬೆರಳು ಎನ್ನುತ್ತಿದ್ದರು. ಕಂಪನದಿಂದ ಬೆರಳಿನ ರಕ್ತನಾಳ ಮುದುಡಿಕೊಳ್ಳುವ ಈ ರೋಗವನ್ನು ದಾಖಲಿಸಿದ ಆಕೆಯನ್ನು ಮರುವರ್ಷ ಹಾರ್ವರ್ಡ್ ತನ್ನ ಮೊದಲ ಮಹಿಳಾ ಅಧ್ಯಾಪಕಿಯಾಗಿ ತೆಗೆದುಕೊಂಡಿತು. ಚಳಿಗೆ ಬೆರಳು ಬಿಳಿಚಿ ಆಮೇಲೆ ನೀಲಿ, ಕೆಂಪು ತಿರುಗಿದರೆ ಅದು ರಕ್ತನಾಳದ ಕಥೆ. ಬಣ್ಣವೇನೂ ಕೆಡದೆ ಬರೀ ಜೋಮಾದರೆ ಮೊದಲು ನರದ ಮೇಲೆ ಅನುಮಾನ ಪಡಬೇಕು. ಜನವರಿಯಲ್ಲಿ ಮನೆಯೊಳಗೆ ಹೀಟರ್ ಹಾಕಿಕೊಂಡು, ಎರಡು ಕಂಬಳಿ ಹೊದ್ದು ಮಲಗಿದವರೂ “ಚಳಿಗೆ ಕೈ ಮರಗಟ್ಟಿತು” ಎಂದು ಇಲ್ಲಿ ಹೇಳುವುದುಂಟು. ಪಾಪ, ಹಿಮಕ್ಕೆ ಎಷ್ಟು ಅಪವಾದ!

ಆನ್ ಆರ್ಬರ್ ಈ ಕಥೆಯಲ್ಲಿ ಇನ್ನೊಮ್ಮೆ ಬರುತ್ತದೆ. ಅಲ್ಲಿನ ವಿಶ್ವವಿದ್ಯಾಲಯದ ಬಾರ್ಬರಾ ಸಿಲ್ವರ್‌ಸ್ಟೈನ್, ಲಾರೆನ್ಸ್ ಫೈನ್, ಥಾಮಸ್ ಆರ್ಮ್‌ಸ್ಟ್ರಾಂಗ್ ಮೂವರೂ ಏಳು ಕಾರ್ಖಾನೆಗಳ 652 ಕಾರ್ಮಿಕರ ಕೈ ಪರೀಕ್ಷಿಸಿ 1987ರಲ್ಲಿ ಪ್ರಕಟಿಸಿದರು. ಬಲವೂ ಬೇಕಾದ, ಮತ್ತೆ ಮತ್ತೆ ಅದನ್ನೇ ಮಾಡಬೇಕಾದ ಕೆಲಸದಲ್ಲಿದ್ದವರಿಗೆ, ಎರಡೂ ಕಡಿಮೆಯಿರುವ ಕೆಲಸದವರಿಗಿಂತ ಕಾರ್ಪಲ್ ಟನಲ್ ತೊಂದರೆಯ ಸಂಭವ 15 ಪಟ್ಟಿಗೂ ಹೆಚ್ಚು. ಇಂಥ ಅಧ್ಯಯನಗಳ ಬಲದಿಂದಲೇ ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ 2000ದ ಕೊನೆಯಲ್ಲಿ ಕೆಲಸದ ಭಂಗಿಯ ಬಗ್ಗೆ ನಿಯಮ ತಂದಿತು. ನಾಲ್ಕೇ ತಿಂಗಳಲ್ಲಿ, 2001ರ ಮಾರ್ಚ್‌ನಲ್ಲಿ, ಸಂಸತ್ತು ಅದನ್ನು ರದ್ದು ಮಾಡಿತು. ನಮ್ಮ ಸಾಫ್ಟ್‌ವೇರ್ ಬಂಧುಗಳು ಕೀಬೋರ್ಡಿನ ಮೇಲೆ ಹೊರಿಸುವ ಆರೋಪಕ್ಕೆ ಮಾತ್ರ ಇಷ್ಟು ಗಟ್ಟಿ ಸಾಕ್ಷ್ಯವಿಲ್ಲ. ಕಂಪ್ಯೂಟರ್ ಮುಂದೆ ದುಡಿಯುವವರಲ್ಲಿ ಈ ತೊಂದರೆ ಉಳಿದವರಲ್ಲಿ ಇರುವಷ್ಟೇ ಎಂದು ಮೇಯೋ ಕ್ಲಿನಿಕ್‌ನವರು 2001ರಲ್ಲಿ ಕಂಡರು. ಐವತ್ತು ವರ್ಷ ಬಟ್ಟೆ ಹಿಂಡಿ, ಚಕ್ಕುಲಿ ಒರಳು ಒತ್ತಿ, ಮುದ್ದೆ ತೊಳೆಸಿದ ಅಮ್ಮನ ಕೈಯನ್ನು ಯಾವ ಇಲಾಖೆಯೂ ಅಳೆದಿಲ್ಲ. ದುಡಿಮೆಯ ಜೊತೆಗೆ ಹೆಣ್ಣಾಗಿರುವುದು, ಮಧ್ಯವಯಸ್ಸು ದಾಟಿರುವುದು, ಗರ್ಭಿಣಿಯಾಗಿರುವುದು, ಥೈರಾಯ್ಡ್ ಕಡಿಮೆಯಿರುವುದು, ಸಂಧಿವಾತ ಇವೆಲ್ಲವೂ ಸುರಂಗವನ್ನು ಕಿರಿದಾಗಿಸುತ್ತವೆ. ಬಸುರಿಯ ಜೋಮು ಸಾಮಾನ್ಯವಾಗಿ ಹೆರಿಗೆಯಾದ ಮೇಲೆ ಇಳಿಯುತ್ತದೆ.

ಅಮ್ಮನ ಕಥೆ ಕೇಳಿ ಭಾವ ತಮಗೂ ಅದೇ ಎಂದು ತೀರ್ಮಾನಿಸಿಬಿಟ್ಟರು. ಅವರಿಗೆ ಜೋಮು ಹಿಡಿಯುವುದು ಕಿರುಬೆರಳಿಗೆ! ಅದು ಅಲ್ನಾರ್ ನರ. ಮೊಣಕೈಯ ಒಳಮೂಳೆಯ ಹಿಂದೆ, ತಗುಲಿದರೆ ಕರೆಂಟು ಹೊಡೆದಂತಾಗುವ ಜಾಗದಲ್ಲಿ ಹಾದುಹೋಗುತ್ತದೆ. ಮೊಣಕೈ ಮಡಚಿದಷ್ಟೂ ಅದು ಎಳೆದುಕೊಳ್ಳುತ್ತದೆ. ಭಾವ ಮಲಗುವುದು ಎರಡೂ ಮೊಣಕೈ ಮಡಚಿ ದಿಂಬಿನಡಿ ತುರುಕಿಕೊಂಡು. ಅದಕ್ಕೂ ಮೊದಲು ಒಂದೂವರೆ ಗಂಟೆ ಫೋನನ್ನು ಕಿವಿಗೆ ಒತ್ತಿಕೊಂಡು ಊರಿನ ಸೈಟು ವ್ಯವಹಾರ. ಅವರಿಗೆ ಔಷಧವಾದದ್ದು ಸ್ನಾನದ ಟವೆಲ್ಲು. ಮೊಣಕೈ ಪೂರ್ತಿ ಮಡಚದಂತೆ ಅದನ್ನು ಸಡಿಲವಾಗಿ ಸುತ್ತಿಕೊಂಡು ಮಲಗುವುದು, ಫೋನನ್ನು ಸ್ಪೀಕರಿಗೆ ಹಾಕುವುದು. ಸೈಟಿನ ವ್ಯವಹಾರ ಈಗ ಮನೆಮಂದಿಗೆಲ್ಲ ತಿಳಿಯುತ್ತದೆ.

ಕುತ್ತಿಗೆಯಿಂದ ಬರುವ ಜೋಮು ಇನ್ನೊಂದು ಬಗೆ. ಕತ್ತು ಒಂದು ಕಡೆ ವಾಲಿಸಿದರೆ ಭುಜದಿಂದ ಮಿಂಚಿನಂತೆ ಇಳಿಯುವ ನೋವು ಅದರ ಗುರುತು. ಹೆಬ್ಬೆರಳಾದರೆ ಹೆಚ್ಚಾಗಿ ಕುತ್ತಿಗೆಯ ಆರನೆಯ ನರ, ನಡುಬೆರಳಾದರೆ ಏಳನೆಯದು. ಅಂಗಿಯ ಗುಂಡಿ ಹಾಕಲು ತಡವರಿಕೆ, ನಡಿಗೆಯಲ್ಲಿ ಓಲಾಟ ಸೇರಿಕೊಂಡರೆ ಬೆನ್ನುಹುರಿಯೇ ಒತ್ತಿಕೊಂಡಿರಬಹುದು, ತಡಮಾಡುವಂತಿಲ್ಲ. ಜೋಮು ದಿಢೀರನೆ ಬಂದು ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕಡೆಯ ಬಲ ಹೋದರೆ ಅದು ಪಾರ್ಶ್ವವಾಯು. ಎದೆ ಹಿಂಡಿ ಬೆವರಿದರೆ ಹೃದಯ. ಆಗ ಬೆರಳು ಎಣಿಸುತ್ತ ಕೂರದೆ 911ಕ್ಕೆ ಫೋನು ಮಾಡಬೇಕು. ಅಕ್ಕ ಆ ರಾತ್ರಿ ಹೆದರಿದ್ದರಲ್ಲಿ ತಪ್ಪಿರಲಿಲ್ಲ ಎಂದು ನಾನು ಹೇಳುವುದು ಇದಕ್ಕೇ.

ಎಲ್ಲಕ್ಕಿಂತ ನಮ್ಮವರಿಗೆ ಹತ್ತಿರದ್ದು ಸಕ್ಕರೆ ಕಾಯಿಲೆ. ಮಸಾಲ ಎಂಬ ಚೆಂದದ ಹೆಸರಿನ ಅಧ್ಯಯನವೊಂದು 2010ರಿಂದ ಶಿಕಾಗೊ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಿನ ದಕ್ಷಿಣ ಏಷ್ಯಾದವರನ್ನು ಹಿಂಬಾಲಿಸುತ್ತಿದೆ. ಮೊದಲ ಸುತ್ತಿನಲ್ಲಿ ಸೇರಿದ 40ರಿಂದ 84 ವರ್ಷದ 906 ಮಂದಿಯಲ್ಲಿ, ವಯಸ್ಸಿನ ಲೆಕ್ಕ ಸರಿಹೊಂದಿಸಿದಾಗ, ಮಧುಮೇಹ ನೂರಕ್ಕೆ 23 ಜನರಿಗೆ. ಬಿಳಿಯರಲ್ಲಿ ಅದು ಬರೀ 6. ಸಕ್ಕರೆ ಹೆಚ್ಚಿದಾಗ ಉದ್ದದ ನರಗಳು ಮೊದಲು ಸೋಲುವುದರಿಂದ ಜೋಮು ಕಾಲ್ಬೆರಳಲ್ಲಿ ಶುರುವಾಗುತ್ತದೆ, ಕೈಗೆ ಬರುವುದು ಆಮೇಲೆ. ಅದು ಬಂದಾಗಲೂ ಕೈಗವಸು ತೊಟ್ಟಂತೆ ಎಲ್ಲ ಬೆರಳಿಗೂ ಬರುತ್ತದೆ, ಕೊಡವಿದರೆ ಹೋಗುವುದಿಲ್ಲ. ಮಧುಮೇಹಿಗಳಿಗೆ ಮಣಿಕಟ್ಟಿನ ತೊಂದರೆಯೂ ಜಾಸ್ತಿ ಎಂಬುದು ಬೇರೆ. ಇದರ ಮೇಲೆ ಬಿ12. ಬರೀ ಸಸ್ಯಾಹಾರ ತಿನ್ನುವವರಲ್ಲಿ ಅದು ಮೊದಲೇ ಕಡಿಮೆ. ಸಕ್ಕರೆಗೆ ಕೊಡುವ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗಿದರೆ ಇನ್ನೂ ಇಳಿಯುತ್ತದೆ. ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುವ ವಿಷಯ. ಅದನ್ನು ಬಿಟ್ಟು ಕಾಸ್ಟ್‌ಕೊದಲ್ಲಿ ಬಕೆಟ್ಟಿನಷ್ಟು ದೊಡ್ಡ ವಿಟಮಿನ್ ಡಬ್ಬಿ ಕೊಂಡು ಎರಡೆರಡು ನುಂಗುವವರು ನಮ್ಮಲ್ಲಿದ್ದಾರೆ. ಬಿ6 ಅತಿಯಾದರೆ ಅದೇ ನರಗಳನ್ನು ಹಾಳುಮಾಡಿ ಜೋಮು ತರುತ್ತದೆ!

ಅಮ್ಮನಿಗೆ ವೈದ್ಯೆ ಕೊಟ್ಟದ್ದು ರಾತ್ರಿ ಕಟ್ಟಿಕೊಳ್ಳುವ ಮಣಿಕಟ್ಟಿನ ಪಟ್ಟಿ. ಔಷಧದಂಗಡಿಯ ಪಟ್ಟಿಗಳಲ್ಲಿ ಅನೇಕವು ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ ಹಿಡಿಯುತ್ತವೆ. ಒಳಗಿನ ತಗಡನ್ನು ಎಳೆದು ನೆಟ್ಟಗೆ ಮಾಡಿ ಮತ್ತೆ ತೂರಿಸಿ ಎಂದು ಆಕೆ ಹೇಳಿಕೊಟ್ಟರು. 110ರ ಲೆಕ್ಕ ನೆನಪಿದ್ದರೆ ಏಕೆಂದು ತಿಳಿಯುತ್ತದೆ. ಆರು ವಾರ ನೋಡಿ, ಹೋಗದಿದ್ದರೆ ನರದ ವೇಗ ಅಳೆಯುವ ಪರೀಕ್ಷೆ, ಸ್ಟಿರಾಯ್ಡ್ ಚುಚ್ಚುಮದ್ದು, ಕೊನೆಗೆ ಅಡ್ಡಪಟ್ಟಿ ಕತ್ತರಿಸುವ ಶಸ್ತ್ರಚಿಕಿತ್ಸೆ ಎಂದರು. ಸಣ್ಣ ರಂಧ್ರದಲ್ಲಿ ದುರ್ಬೀನು ತೂರಿಸಿ ಅದನ್ನು ಕತ್ತರಿಸುವ ವಿಧಾನಗಳಲ್ಲೊಂದನ್ನು 1989ರಲ್ಲಿ ಪ್ರಕಟಿಸಿದ ಜೇಮ್ಸ್ ಚೌ ಇದ್ದದ್ದು ಇಲಿನಾಯ್ ರಾಜ್ಯದ ದಕ್ಷಿಣದ ಸಣ್ಣ ಊರು ಮೌಂಟ್ ವರ್ನನ್‌ನಲ್ಲಿ. ಹೆಬ್ಬೆರಳ ಬುಡದ ಮಾಂಸಖಂಡ ಕರಗತೊಡಗಿದ್ದರೆ, ಲೋಟ ಕೈಜಾರುತ್ತಿದ್ದರೆ ಕಾಯುತ್ತ ಕೂರಬಾರದಂತೆ.

ಯೋಗ ಸಾಲದೇ ಎಂದು ಅಮ್ಮ ಕೇಳಿದಳು. ಅದಕ್ಕೂ ಉತ್ತರ ಉಂಟು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ ಮೈಸೂರಿನಲ್ಲಿ ಕಲಿತ ಬಿ.ಕೆ.ಎಸ್. ಅಯ್ಯಂಗಾರರ ಪದ್ಧತಿಯನ್ನೇ ಹಿಡಿದು, ಮರಿಯನ್ ಗಾರ್ಫಿಂಕಲ್ ಮತ್ತು ಜೊತೆಗಾರರು ಫಿಲಡೆಲ್ಫಿಯಾದಲ್ಲಿ 42 ಜನರ ಮೇಲೆ ಎಂಟು ವಾರ ಪ್ರಯೋಗ ಮಾಡಿ 1998ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಯೋಗ ಮಾಡಿದವರ ಹಿಡಿತ ಬಲವಾಯಿತು, ನೋವು ಇಳಿಯಿತು. ನರದ ವೇಗದಲ್ಲೂ ರಾತ್ರಿಯ ನಿದ್ದೆಯಲ್ಲೂ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲ. “ಹಗಲು ಯೋಗ, ರಾತ್ರಿ ಪಟ್ಟಿ ಅನ್ನು” ಎಂದಳು ಅಮ್ಮ.

ಮೂರನೆಯ ವಾರಕ್ಕೆ ಅಮ್ಮ ಬೆಳಗಿನವರೆಗೆ ಮಲಗತೊಡಗಿದಳು. ಊರಿಗೆ ಹಿಂತಿರುಗುವ ಮೊದಲು ಮತ್ತೆ ಅಕ್ಕನ ಮನೆಗೆ ಹೋದಾಗ, ಅಕ್ಕ ಅವಳನ್ನು ಶಿಕಾಗೊ ಪಕ್ಕದ ಲೆಮಾಂಟ್‌ನ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಊರಿನಿಂದ ಬಂದ ಅಮ್ಮಂದಿರದೇ ಒಂದು ಸಾಲು, ಎಲ್ಲರ ಮಾತೂ ಮಂಡಿ, ಸೊಂಟ, ಕೈ ಜೋಮು. ಹಾಸನದ ಕಡೆಯವರೊಬ್ಬರು ತಮಗೂ ರಾತ್ರಿ ಹೊತ್ತು ಕೈ ಸಾಯುತ್ತದೆ ಎಂದರಂತೆ. “ಯಾವ ಬೆರಳು?” ಎಂದು ಅಮ್ಮ ಕೇಳಿದ್ದಾಳೆ. ಅವರು ತಬ್ಬಿಬ್ಬಾಗಿ, “ಬೆರಳು ಯಾವ್ದೂಂತ ಯಾರ್ ನೋಡ್ತಾರೆ ರೀ, ಎದ್ದು ಕೊಡವಿ ಮಲಗ್ತೀನಿ” ಎಂದಿದ್ದಾರೆ. ಅಮ್ಮ ಅಕ್ಕನ ಮನೆಯ ನಂಬರು ಬರೆದುಕೊಟ್ಟು ಬಂದಳು.

ಮರುದಿನ ಬೆಳಿಗ್ಗೆ ಆರಕ್ಕೆ ಫೋನು. ಅಕ್ಕ ನಿದ್ದೆಗಣ್ಣಲ್ಲಿ ಎತ್ತಿದರೆ ಆ ಕಡೆಯಿಂದ ಹೆಸರಿಲ್ಲ, ನಮಸ್ಕಾರವಿಲ್ಲ. “ಕಿರುಬೆರಳು ಅಂತ ನಿಮ್ಮ ತಾಯಿಗೆ ಹೇಳಿ” ಎಂದರಂತೆ.